ಟೊಂಕದ ಪೆಟ್ಟಿಗೆ ಮಗನ ದಾರಿ ಕಾಯಬೇಡಿರಿ



ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಬೆನ್ನಿನ ಕೆಳಗಿನಿಂದ ತೊಡೆಯವರೆಗೆ ಎಲ್ಲಿ ನೋವಾದರೂ ‘ಟೊಂಕ ಹಿಡಿದಿದೆ’ ಎಂದುಬಿಡುತ್ತೇವೆ. ದಿನವಿಡೀ ಬಾಗಿ ಭತ್ತ ನಾಟಿ ಮಾಡಿ ಬಂದ ಹೆಣ್ಣುಮಗಳದೂ ಟೊಂಕವೇ, ಬಚ್ಚಲಲ್ಲಿ ಜಾರಿಬಿದ್ದ ಮುದುಕಿಯದೂ ಟೊಂಕವೇ. ಇಬ್ಬರಿಗೂ ಎಣ್ಣೆ ಹಚ್ಚಿ ತಿಕ್ಕಿ ಬಿಸಿನೀರು ಹೊಯ್ಯುತ್ತೇವೆ. ಮೊದಲಿನವಳಿಗೆ ಇದರಿಂದ ಅಷ್ಟೇನೂ ಕೆಡುಕಾಗಲಿಕ್ಕಿಲ್ಲ. ಎರಡನೆಯವಳ ಜೀವಕ್ಕೇ ಕುತ್ತು ಬರಬಹುದು.

ಸ್ನಾಯುವಿನ ಪೆಟ್ಟನ್ನು ಮೊದಲು ನೋಡೋಣ. ಹಸಿ ಎರೆಹೊಲದಲ್ಲಿ ಒಂದು ಕಾಲು ಜಾರಿ ಅಗಲವಾದಾಗ ತೊಡೆಸಂದಿನ ಸ್ನಾಯು ಹರಿಯುತ್ತದೆ. ಟ್ರೇಲರಿನಿಂದ ಜಿಗಿದಾಗ ಕುಂಡಿಯ ಅಥವಾ ತೊಡೆಯ ಹಿಂಬದಿಯ ಸ್ನಾಯು ಎಳೆಯುತ್ತದೆ. ನೋವಿದ್ದರೂ ಕಾಲಮೇಲೆ ಭಾರ ಹಾಕಲು ಬರುತ್ತದೆ. ಮೊದಲೆರಡು ದಿನ ತಣ್ಣೀರು ಬಟ್ಟೆ ಇಟ್ಟು, ತಿಕ್ಕದೆ, ಭಾರ ಎತ್ತದೆ ಇದ್ದು, ಆಮೇಲೆ ಮೆಲ್ಲಗೆ ಓಡಾಡಿದರೆ ಕೆಲವು ವಾರಗಳಲ್ಲಿ ಸರಿಹೋಗುವುದೇ ಹೆಚ್ಚು.

ಭಾರದ ಮಾತು ಬಂದಿದ್ದರಿಂದ ಒಂದು ಹೇಳಿಬಿಡುತ್ತೇನೆ. ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆಯಲ್ಲಿ ಭತ್ತದ ಚೀಲವೆಂದರೆ 75 ಕಿಲೋ ಎಂಬ ಲೆಕ್ಕ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಸಲಹೆ ಕೊಟ್ಟಿದೆ. ರೈತರಲ್ಲಿ ಚಪ್ಪೆಯ ಕೀಲು ಸವೆಯುವುದು ಇತರರಿಗಿಂತ ಹೆಚ್ಚೆಂದು ಬ್ರಿಟನ್ನಿನ ವೈದ್ಯರು 1992ರಲ್ಲಿ ಪ್ರಕಟಿಸಿದರು. ಚೀಲವನ್ನು 50 ಕಿಲೋಕ್ಕೆ ಇಳಿಸಲು ವ್ಯಾಪಾರಿಗಳಿಗೆ ಏನು ಅಡ್ಡಿಯೋ ನನಗಂತೂ ತಿಳಿಯದು.

ಇನ್ನು ಎಲುಬಿನ ವಿಚಾರ. ತೊಡೆಯೆಲುಬಿನ ಮೇಲ್ತುದಿ ಚೆಂಡಿನಂತಿದ್ದು, ಬಟ್ಟಲಿನಂಥ ಕುಳಿಯಲ್ಲಿ ಕೂತಿದೆ. ಚೆಂಡಿನ ಕೆಳಗೆ ಸಣ್ಣ ಕುತ್ತಿಗೆ ಇದೆ. ಚೆಂಡಿಗೆ ರಕ್ತ ಒಯ್ಯುವ ನಾಳಗಳಲ್ಲಿ ಹೆಚ್ಚಿನವು ಈ ಕುತ್ತಿಗೆಯ ಗುಂಟ ಏರುತ್ತವೆ. ಕುತ್ತಿಗೆ ಮುರಿದರೆ ಅವೂ ಹರಿದು, ಚೆಂಡು ನೀರಿಲ್ಲದ ಬೆಳೆಯಂತೆ ಒಣಗುತ್ತದೆ. ವಯಸ್ಸಾದಂತೆ ಎಲುಬು ಟೊಳ್ಳಾಗುವುದರಿಂದ, ಮುಟ್ಟು ನಿಂತ ಹೆಂಗಸರಲ್ಲಂತೂ, ನಿಂತಲ್ಲಿಂದ ಬಿದ್ದರೂ ಸಾಕು. ಬಿದ್ದವರಿಗೆ ಏಳಲಾಗದು; ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿರುತ್ತದೆ. ಕೆಲವರಿಗೆ ಮುರಿದ ತುದಿಗಳು ಒಂದರೊಳಗೊಂದು ಸಿಕ್ಕಿಕೊಂಡು, ಕುಂಟುತ್ತ ನಡೆಯಲೂ ಬರುತ್ತದೆ. ನಡೆದರೆಂದು ಮೋಸಹೋಗಬೇಡಿರಿ. ಬಿದ್ದ ಮೇಲೆ ತೊಡೆಸಂದಿನಲ್ಲಿ ನೋವಿದ್ದರೆ, ಒಮ್ಮೊಮ್ಮೆ ಮೊಣಕಾಲಲ್ಲಷ್ಟೇ ನೋವು ತೋರಿದರೂ, ಎಕ್ಸ್‌ರೇ ತೆಗೆಸಲೇಬೇಕು.

ಮೋಟಾರುಸೈಕಲ್, ಟ್ರ್ಯಾಕ್ಟರ್ ಅಪಘಾತದಲ್ಲಿ ಚೆಂಡು ಕುಳಿಯಿಂದಲೇ ಜಾರುವುದುಂಟು. ಆಗ ಸಾಮಾನ್ಯವಾಗಿ ಮೊಣಕಾಲು ಮಡಚಿ ಒಳಕ್ಕೆ ತಿರುಗಿರುತ್ತದೆ. ಸುಮಾರು ಆರು ತಾಸಿನೊಳಗೆ ಅದನ್ನು ಸ್ವಸ್ಥಾನಕ್ಕೆ ಕೂಡಿಸಬೇಕು.

ಆದರೆ ನಮ್ಮ ಹಳ್ಳಿಗಳಲ್ಲಿ ನಡೆಯುವುದೇನು? ದುಡಿಯುವವರು ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗಿರುತ್ತಾರೆ. ಮನೆಯಲ್ಲಿ ಉಳಿದವರು ಮುದುಕರು, ಮಕ್ಕಳು. ಅವ್ವ ಬಿದ್ದಳೆಂದು ಫೋನು ಹೋಗುತ್ತದೆ. ‘ಮಗ ಬರಲಿ, ಅವನೇ ನಿರ್ಧರಿಸಲಿ’ ಎಂದು ಹೊರಸಿನ ಮೇಲೆ ಮಲಗಿಸುತ್ತಾರೆ. ಅವನು ಪಗಾರ ಪಡೆದು ರೈಲು ಹತ್ತಿ ಬರುವಷ್ಟರಲ್ಲಿ ನಾಲ್ಕೈದು ದಿನ ಕಳೆದಿರುತ್ತದೆ. ‘ವಯಸ್ಸಾಯಿತು, ಆಪರೇಶನ್ ಏಕೆ?’ ಎನ್ನುವ ಬಂಧುಗಳಿಗೂ ಕೊರತೆಯಿಲ್ಲ. ನನ್ನ ಮಾತು ಕಟುವೆನಿಸಬಹುದು: ಇಂಥವರನ್ನು ಸುಮ್ಮನೆ ಮಲಗಿಸುವುದೇ ಅಪಾಯ. ಬೆನ್ನಿಗೆ ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ, ಕಾಲಿನ ರಕ್ತ ಹೆಪ್ಪುಗಟ್ಟುತ್ತದೆ. ಶಸ್ತ್ರಚಿಕಿತ್ಸೆ ಒಂದೆರಡು ದಿನದೊಳಗೇ ಆದರೆ ಒಳಿತೆಂಬುದು ಇಂದಿನ ವೈದ್ಯರ ಮತ.

ಎಲುಬು ಕಟ್ಟುವವರನ್ನು ನಾನು ಹಳಿಯುವುದಿಲ್ಲ. ಅವರಲ್ಲಿ ಕೈ ಕಟ್ಟಿಸಿಕೊಂಡು ನೆಟ್ಟಗಾದವರಿದ್ದಾರೆ. ಆದರೆ ಚಪ್ಪೆಯ ಎಲುಬು ದಪ್ಪ ಮಾಂಸದೊಳಗಿದೆ. ಬಿದಿರು ದಬ್ಬೆ ಕಟ್ಟಿ ಅದನ್ನು ಅಲುಗದಂತೆ ಹಿಡಿಯಲು ಯಾರಿಂದಲೂ ಆಗದು.

ಬಿದ್ದವರನ್ನು ಎಳೆದು ಕೂಡಿಸಬೇಡಿರಿ, ಬೈಕಿನ ನಡುವೆ ಕೂಡಿಸಿ ಒಯ್ಯಲೂ ಬೇಡಿರಿ. ಎರಡೂ ಕಾಲುಗಳ ನಡುವೆ ತಲೆದಿಂಬಿಟ್ಟು, ಕಾಲು ಇದ್ದ ಸ್ಥಿತಿಯಲ್ಲಿಯೇ ಬಟ್ಟೆಯಿಂದ ಸಡಿಲಾಗಿ ಕಟ್ಟಿ, ಹಲಗೆಯ ಮೇಲೆ ಎತ್ತಿರಿ. 108ಕ್ಕೆ ಕರೆ ಮಾಡಿರಿ, ವಾಹನಕ್ಕೆ ಹಣವಿಲ್ಲ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿರಿ. ಮಗನ ಒಪ್ಪಿಗೆ ಬೇಕಾದರೆ ದಾರಿಯಲ್ಲಿಯೇ ಫೋನಿನಲ್ಲಿ ಕೇಳಿರಿ. ಶಸ್ತ್ರಚಿಕಿತ್ಸೆಯ ಮರುದಿನವೇ ವೈದ್ಯರು ಎಬ್ಬಿಸಿ ನಿಲ್ಲಿಸಬಹುದು, ಹೆದರಬೇಡಿರಿ. ಅಷ್ಟರಲ್ಲಿ ಬಂದ ಮಗ ಕೈಹಿಡಿದು ನಡೆಸಲಿ.