ಬಾಗಿಲ ಹಿಂದೆ ಒಂದು ಬ್ಯಾಟರಿ ಇರಲಿ



ಕಳೆದ ತಿಂಗಳು ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿ, ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಒಂದು ರಾತ್ರಿ ತಂಗಿದ್ದೆ. ಅವನಿಗೀಗ ಐವತ್ತು ದಾಟಿದೆ. ಹಿಪ್ಪುನೇರಳೆ ತೋಟ, ಹುಳು ಮನೆ ಎರಡನ್ನೂ ಅವನೇ ನೋಡಿಕೊಳ್ಳುತ್ತಾನೆ. ರಾತ್ರಿ ಹನ್ನೊಂದರ ಹೊತ್ತಿಗೆ ತ್ರೀ ಫೇಸ್ ಕರೆಂಟು ಬಂದಿತು. ಮೋಟಾರು ಹಾಕಲು ಹೊರಟವನ ಕೈಯಲ್ಲಿ ಇದ್ದದ್ದು ಮೊಬೈಲು ಮಾತ್ರ.

"ಬ್ಯಾಟರಿ ಇಲ್ಲವೇನಪ್ಪಾ?" ಎಂದೆ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರಲ್ಲವೇ!

"ಇದ್ರಲ್ಲೇ ಲೈಟು ಐತಲ್ಲ ಮೇಷ್ಟ್ರೇ" ಎಂದು ನಕ್ಕ.

ನಾನೂ ಹಿಂದೆ ಹೊರಟೆ. ನಡುದಾರಿಯಲ್ಲಿ ಯಾರದೋ ಕರೆ ಬಂದಿತು. ಫೋನು ಕಿವಿಗೆ ಹೋಯಿತು, ಬೆಳಕು ಬೇಲಿಯ ಕಡೆಗೆ ತಿರುಗಿತು, ಕಾಲು ಮಾತ್ರ ಕತ್ತಲೆಯಲ್ಲಿ ಮುಂದೆ ಸಾಗಿತು. ನನ್ನ ಎದೆ ಝಲ್ಲೆಂದಿತು. ಅವನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅವನ ತಂದೆ ತೀರಿಕೊಂಡದ್ದು ಇಂತಹದೇ ಬದುವಿನ ಮೇಲೆ, ಕೊಳಕುಮಂಡಲ ಕಚ್ಚಿ. ಆ ವರ್ಷ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾನು ಹಾಕಿದ ಗೈರುಹಾಜರಿ ಗುರುತುಗಳು ಇಂದಿಗೂ ಕಣ್ಣಮುಂದಿವೆ.

ಇದು ಒಂದು ಮನೆಯ ದುಃಖವಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಸತ್ತಿರಬೇಕೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅವುಗಳಲ್ಲಿ ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಸಂಭವಿಸಿದವು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು.

ನಾನು ಗೌರಿಬಿದನೂರಿನಲ್ಲಿ ಉಪಾಧ್ಯಾಯನಾಗಿ ಸೇರಿದ ಕಾಲದಲ್ಲಿ ಟಾರ್ಚ್ ಎಂದರೆ ಉಳ್ಳವರ ಮನೆಯ ವಸ್ತು. ಸೆಲ್ಲುಗಳು ಬೇಗ ಸೋಲುತ್ತಿದ್ದವು. ಅವನ್ನು ಬಿಸಿಲಿಗಿಟ್ಟು ಇನ್ನೆರಡು ರಾತ್ರಿ ಎಳೆಯುತ್ತಿದ್ದೆವು. ಟಾರ್ಚ್ ಕೈಜಾರಿ ಬಿದ್ದರೆ ಬಲ್ಬಿನ ತಂತಿ ಕಡಿದುಹೋಗುತ್ತಿತ್ತು. ಆ ತಂತಿ ಕಾದು ಬೆಳಗಬೇಕಾಗಿದ್ದುದರಿಂದ ಸೆಲ್ಲಿನ ಶಕ್ತಿಯ ಬಹುಪಾಲು ಶಾಖವಾಗಿಯೇ ಪೋಲಾಗುತ್ತಿತ್ತು.

ಎಲ್‌ಇಡಿಯಲ್ಲಿ ತಂತಿಯೇ ಇಲ್ಲ. ಅರೆವಾಹಕದ ಪುಟ್ಟ ಹರಳೊಂದರಲ್ಲಿ ವಿದ್ಯುತ್ತು ನೇರವಾಗಿ ಬೆಳಕಾಗುತ್ತದೆ. ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿ ಕೆಂಪು ಎಲ್‌ಇಡಿಯನ್ನು ತೋರಿಸಿದರು. ಉಜ್ವಲವಾದ ನೀಲಿ ಬಣ್ಣ ಕೈಗೂಡಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ನೀಲಿ ಹರಳಿನ ಮೇಲೆ ಹಳದಿ ಹೊಳೆಯುವ ಲೇಪ ಹಚ್ಚಿದರೆ ನಮಗೆ ಬಿಳಿ ಬೆಳಕು ಕಾಣುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದ್ದೂ ಅದೇ 1962ರಲ್ಲಿ. ವಿಜ್ಞಾನ ಜನಸಾಮಾನ್ಯರ ಬಳಿಗೆ ಹೋಗಬೇಕೆಂಬುದೇ ಅವರ ಹಂಬಲವಾಗಿತ್ತು.

ಹಾಗಾದರೆ ಇಷ್ಟು ಅಗ್ಗವೂ ಗಟ್ಟಿಯೂ ಆದ ವಸ್ತು ಮನೆಮನೆಯ ಬಾಗಿಲ ಹಿಂದೆ ಏಕಿಲ್ಲ? ಮೊಬೈಲು ಸಾಕೆಂಬ ಭಾವನೆ ಒಂದು ಕಾರಣ. ಮಾರುವ ರೀತಿ ಇನ್ನೊಂದು. ಚಿಂತಾಮಣಿಯ ಅಂಗಡಿಯೊಂದರಲ್ಲಿ ಟಾರ್ಚ್ ಕೇಳಿದಾಗ ಅಂಗಡಿಯವರು ಅದನ್ನು ದೂರದ ನೀರಿನ ಟ್ಯಾಂಕಿನ ಮೇಲೆ ಹಾಯಿಸಿ, "ನೋಡಿ ಸಾರ್, ಎರಡು ಕಿಲೋಮೀಟರ್ ಹೋಗುತ್ತೆ" ಎಂದರು. "ನನ್ನ ಕಾಲು ಅಷ್ಟು ದೂರ ಇಲ್ಲವಲ್ಲಪ್ಪಾ!" ಎಂದೆ. ಈ ವಿಷಯ ಬಲ್ಲ ನಮ್ಮ ಹುಡುಗರೂ ಹಾಗೆಯೇ, ಬಾಯಿ ತೆರೆದರೆ ಸಾವಿರಾರು ಲ್ಯೂಮೆನ್ನಿನ ಮಾತು. ಕೇಳಿದ ರೈತ, ಇದು ನನಗಲ್ಲ ಎಂದು ಸುಮ್ಮನಾಗುತ್ತಾನೆ.

ನನ್ನ ಅಭಿಪ್ರಾಯ ಇಷ್ಟೆ: ಟಾರ್ಚನ್ನು ದೂರ ತೋರಿಸುವ ವಸ್ತುವಾಗಿ ಅಲ್ಲ, ಹೆಜ್ಜೆ ತೋರಿಸುವ ವಸ್ತುವಾಗಿ ಪರಿಚಯಿಸಬೇಕು. ನಡೆಯಲು ನೂರಿನ್ನೂರು ಲ್ಯೂಮೆನ್ ಧಾರಾಳವಾಯಿತು. ಬೆಳಕು ಕಾಲಿನ ಸುತ್ತ ಅಗಲವಾಗಿ ಹರಡಬೇಕು. ತೀರಾ ನೀಲಿ ಛಾಯೆಯದು ಬೇಡ. ಒಣಗಿದ ಎಲೆಯ ಮೇಲೆ ಮಲಗಿದ ಕಂದು ಹಾವನ್ನು ಗುರುತಿಸಲು ಬಣ್ಣಗಳು ಸರಿಯಾಗಿ ಕಾಣಬೇಕು. ಗುಂಡಿ ಒಂದೇ ಇರಲಿ. ಮಿಣುಕುವ, ಕೂಗುವ ಆಟಗಳೆಲ್ಲ ಅಜ್ಜಿಯನ್ನು ಗಾಬರಿಗೊಳಿಸುತ್ತವೆ. ಗೋಡೆಯ ಪ್ಲಗ್ಗಿಗೆ ನೇರ ಸಿಕ್ಕಿಸುವ, ಸೀಸದ ಬ್ಯಾಟರಿಯ ಹಳೆಯ ಮಾದರಿಗಳನ್ನು ಚಾರ್ಜ್ ಮಾಡದೆ ತಿಂಗಳುಗಟ್ಟಲೆ ಬಿಟ್ಟರೆ ಕೆಟ್ಟೇಹೋಗುತ್ತವೆ. ಮೊಬೈಲ್ ಚಾರ್ಜರಿನಿಂದಲೇ ಚಾರ್ಜ್ ಆಗುವ ಲಿಥಿಯಂ ಟಾರ್ಚ್ ಆದೀತು. ಅದು ಒಗ್ಗದವರಿಗೆ ಸಾಧಾರಣ ಸೆಲ್ಲಿನದೇ ಲೇಸು. ಬಹುಕಾಲ ಬಳಸದಿದ್ದರೆ ಸೆಲ್ಲುಗಳನ್ನು ತೆಗೆದಿಡಬೇಕು, ಇಲ್ಲವಾದರೆ ಸೋರಿ ಒಳಭಾಗ ತುಕ್ಕು ಹಿಡಿಯುತ್ತದೆ.

ಹಗಲಿನಲ್ಲೇ ಕರೆಂಟು ಕೊಟ್ಟರೆ ಈ ಕಷ್ಟವೇ ಇರದಲ್ಲ ಎನ್ನುವಿರಿ. ಒಪ್ಪಿದೆ. ಅದನ್ನು ಕೇಳುವುದನ್ನು ಬಿಡಬಾರದು. ಆದರೆ ಹಗಲು ಕರೆಂಟು ಬಂದರೂ, ರಾತ್ರಿ ಹುಳುವಿಗೆ ಸೊಪ್ಪು ಹಾಕಲು, ದನ ನೋಡಲು, ಹಿತ್ತಲಿಗೆ ಹೋಗಲು ಹೆಂಗಸರೂ ಮಕ್ಕಳೂ ಹೊರಬರುತ್ತಲೇ ಇರುತ್ತಾರೆ. ಟಾರ್ಚ್ ಒಂದೇ ಸಾಲದು ಎಂಬುದೂ ನಿಜ. ಕಾಲಿಗೆ ಮುಚ್ಚಿದ ಪಾದರಕ್ಷೆ, ಕೈಯಲ್ಲೊಂದು ಕೋಲು ಇರಲಿ. ಒಂದು ವೇಳೆ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಆ ಅಂಗವನ್ನು ಅಲುಗಾಡಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ.

ಮರುದಿನ ಚಿಕ್ಕಬಳ್ಳಾಪುರಕ್ಕೆ ಹೊರಡುವ ಮೊದಲು ನನ್ನ ಟಾರ್ಚನ್ನು ಅವನ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. "ನಿಮಗೆ ಬೇಡವೇ ಮೇಷ್ಟ್ರೇ?" ಎಂದ. "ನಮ್ಮ ಬೀದಿಯಲ್ಲಿ ದೀಪವಿದೆ" ಎಂದೆ.

ಬೆಂಗಳೂರಿನಲ್ಲಿ, ವಿದೇಶದಲ್ಲಿ ಇರುವ ನನ್ನ ಮಕ್ಕಳೇ, ಮುಂದಿನ ಹಬ್ಬಕ್ಕೆ ಊರಿಗೆ ಬರುವಾಗ ಸಿಹಿಯ ಡಬ್ಬದ ಜೊತೆಗೆ ಇಂತಹ ಒಂದು ಟಾರ್ಚನ್ನೂ ತನ್ನಿರಿ. ಅಪ್ಪನ ಕೈಗೆ ಕೊಟ್ಟು ಸುಮ್ಮನಾಗಬೇಡಿ, ಬೀರುವಿಗೆ ಸೇರಿಬಿಡುತ್ತದೆ. ನೀವೇ ಮೊಳೆ ಹೊಡೆದು ಬಾಗಿಲ ಹಿಂದೆ ತೂಗುಹಾಕಿರಿ. ರಾತ್ರಿ ಅವರೊಡನೆ ಒಮ್ಮೆ ತೋಟದವರೆಗೆ ನಡೆದು ಬನ್ನಿರಿ. ಬಹಳ ದಿನಗಳ ನಂತರ ಕೊಡುತ್ತಿರುವ ಮನೆಪಾಠ, ತಪ್ಪಿಸಬೇಡಿ.

ಎಲ್ಲರಿಗೂ ಒಳಿತಾಗಲಿ.