ಕಾಯಿ ಕೊಟ್ಟೆ, ಬೀಜ ಕೊಡಲಿಲ್ಲ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಚಹಾ ಕುಡಿಯುತ್ತ ತನ್ನ ತಾರಸಿ ತೋಟದ ಚಿತ್ರಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸಿದ. ಹಳದಿ ಟೊಮೆಟೊ, ನೇರಳೆ ಬಣ್ಣದ ಮೆಣಸಿನಕಾಯಿ, ರೆಕ್ಕೆ ಅವರೆ, ಕುಂಡದಲ್ಲಿಯೇ ಕಾಯಿ ಬಿಟ್ಟ ನಿಂಬೆ. ಎಂಟನೆಯ ಇಯತ್ತೆಯಲ್ಲಿ ಹೂವಿನ ಭಾಗಗಳನ್ನು ಹೆಸರಿಸಲು ತಡವರಿಸುತ್ತಿದ್ದ ಹುಡುಗ ಇವನೇನೇ ಎಂದು ನನಗೆ ಸಂತೋಷವೂ ಆಶ್ಚರ್ಯವೂ ಆದವು.

“ಬೀಜ ಎಲ್ಲಿಂದ ತಂದಿ?” ಎಂದು ಕೇಳಿದೆ.

“ತರಿಸಿದ್ದು ಸರ್, ಪಾಕೀಟಿನ್ಯಾಗ ಎಂಟು ಬೀಜ ಇರ್ತಾವ.”

“ಮುಂದಿನ ವರ್ಷಕ್ಕ?”

“ಮತ್ತ ತರಸ್ತೀನಿ.”

“ಆಜೂಬಾಜೂ ಮಂದಿ ಕೇಳಿದರ?”

“ಅವರಿಗೆ ಕಾಯಿ ಕೊಡ್ತೀನಲ್ಲ, ಸರ್!”

ಆ ಕೊನೆಯ ಮಾತನ್ನು ಅವನು ಹೆಮ್ಮೆಯಿಂದಲೇ ಆಡಿದ. ನನಗೆ ಮಾತ್ರ ಅದು ಚುಚ್ಚಿತು. ಏಕೆಂದರೆ ಅದೇ ಮಾತನ್ನು ಮೂವತ್ತು ವರ್ಷಗಳ ಕಾಲ ಬಂಕಾಪುರದಲ್ಲಿ ಆಡಿಕೊಂಡು ಬಂದವನು ನಾನು. ಅದರಿಂದ ಏನಾಯಿತೆಂಬುದನ್ನು ಹೇಳಿಕೊಳ್ಳುವುದಕ್ಕಾಗಿಯೇ ಇಂದು ಬರೆಯಲು ಕುಳಿತಿದ್ದೇನೆ.

ನಮ್ಮ ಮನೆಯ ಹಿತ್ತಲು ದೊಡ್ಡದೇನಲ್ಲ. ಒಂದು ಕರಿಬೇವು, ಒಂದು ನುಗ್ಗೆ, ಬಚ್ಚಲ ನೀರು ಹರಿಯುವ ಕಡೆ ಬಾಳೆ, ಬೇಲಿಯ ಮೇಲೆ ಚಪ್ಪರದವರೆ. ಉಳಿದ ಜಾಗದಲ್ಲಿ ಅವ್ವನ ಮುಳಗಾಯಿ. (ಮೈಸೂರು ಕಡೆಯ ಬೀಗರಿಗಾಗಿ ಹೇಳುತ್ತೇನೆ: ಮುಳಗಾಯಿ ಎಂದರೆ ಬದನೆಕಾಯಿ.) ಆ ಮುಳಗಾಯಿ ನಿಂಬೆಹಣ್ಣಿಗಿಂತ ತುಸು ದೊಡ್ಡದು. ತಿಳಿಹಸಿರು ಮೈ, ಮೇಲೆ ಬಿಳಿಯ ಗೆರೆ, ತೊಟ್ಟಿನ ತುಂಬ ಮುಳ್ಳು. ಎಣ್ಣೆಗಾಯಿಗೆ ಅದರಂಥದು ಇನ್ನೊಂದಿಲ್ಲ. ಗುರೆಳ್ಳು ಶೇಂಗಾದ ಮಸಾಲೆ ತುಂಬಿ ಬೇಯಿಸಿದರೆ ಕಾಯಿ ಒಡೆಯದೆ ಇಡಿಯಾಗಿ ನಿಲ್ಲುತ್ತಿತ್ತು, ತಿನ್ನುವಾಗ ಬೆಣ್ಣೆಯಾಗುತ್ತಿತ್ತು. ಅವ್ವ ತವರಿನಿಂದ ಮಡಿಲಲ್ಲಿ ತಂದ ಬೀಜ ಅದು.

ಬೀಜ ಮಾಡುವುದರಲ್ಲಿ ಅವ್ವನದು ಕಟ್ಟುನಿಟ್ಟು. ಗಿಡದ ಮೊದಲ ಫಸಲಿನಲ್ಲಿಯೇ ಚೆಂದದ ಎರಡು ಕಾಯಿಗಳಿಗೆ ಚಿಂದಿ ಬಟ್ಟೆ ಕಟ್ಟಿ ಗುರುತು ಮಾಡುತ್ತಿದ್ದಳು. ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ಹಣ್ಣಾಗಿ ಹಳದಿಗೆ ತಿರುಗಿ ಮೆತ್ತಗಾದ ಮೇಲೆ ನೀರಿನಲ್ಲಿ ಹಿಚುಕಿ, ತೇಲಿದ್ದನ್ನು ಚೆಲ್ಲಿ, ತಳಕ್ಕೆ ಇಳಿದ ಬೀಜವನ್ನಷ್ಟೇ ನೆರಳಲ್ಲಿ ಒಣಗಿಸಿ, ಬೂದಿ ಸವರಿ ಗಡಿಗೆಯಲ್ಲಿ ಇಡುವಳು. ಸೌತೆ, ಕುಂಬಳದ ಬೀಜಗಳನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುವಳು. ಹೀರೆಕಾಯಿಯನ್ನು ಬಳ್ಳಿಯಲ್ಲಿಯೇ ಒಣಗಲು ಬಿಟ್ಟು ಇಡಿಯಾಗಿ ಜಂತಿಗೆ ತೂಗುಹಾಕುವಳು. ನಾನು ವಿಜ್ಞಾನದ ಮಾಸ್ತರ; ಆದರೂ ತೇಲುವ ಬೀಜ ಜೊಳ್ಳು ಎಂಬುದನ್ನು ಪುಸ್ತಕದಿಂದ ಕಲಿತವನಲ್ಲ.

ಊರಲ್ಲಿ ಅದಕ್ಕೆ “ಮಾಸ್ತರ ಮನಿ ಮುಳಗಾಯಿ” ಎಂದು ಹೆಸರು ಬಿದ್ದಿತು. ಇಲ್ಲಿಂದ ನನ್ನ ತಪ್ಪು ಆರಂಭವಾಗುತ್ತದೆ. ಸುಗ್ಗಿಯ ದಿನಗಳಲ್ಲಿ ಓಣಿಯ ಪ್ರತಿ ಮನೆಗೂ ಬುಟ್ಟಿಯಲ್ಲಿ ಕಾಯಿ ಹೋಗುತ್ತಿತ್ತು. ಸಹೋದ್ಯೋಗಿಗಳ ಚೀಲ ಸೇರುತ್ತಿತ್ತು. ಎಲ್ಲರೂ ಹೊಗಳುವರು. ಪಕ್ಕದ ಮನೆಯ ಅಕ್ಕನವರು ಎರಡು ಮೂರು ಬಾರಿ, “ಮಾಸ್ತರ, ಒಂದೀಟು ಬೀಜಾ ಕೊಡ್ರಿ, ನಮ್ಮ ಹಿತ್ತಲದಾಗೂ ಹಾಕ್ತೀವಿ” ಎಂದು ಬಾಯಿಬಿಟ್ಟು ಕೇಳಿದರು. “ಹಣ್ಣಾಗಲಿ, ಕೊಡ್ತೀನಿ” ಎಂದು ನಾನು ಪ್ರತಿ ಸಲವೂ ಹೇಳಿದೆ. ಹಣ್ಣಾಯಿತು, ಕೊಡಲಿಲ್ಲ. ಮರೆತೆನೆಂದು ಹೇಳಿದರೆ ಸುಳ್ಳಾಗುತ್ತದೆ. ಎಲ್ಲರ ಹಿತ್ತಲಲ್ಲಿಯೂ ಬೆಳೆದರೆ ಅದು “ಮಾಸ್ತರ ಮನಿ” ಮುಳಗಾಯಿಯಾಗಿ ಉಳಿಯುವುದೆಂತು? ಕಾಯಿ ಕೊಟ್ಟಾಗ ಕೊಟ್ಟವನ ಹೆಸರು ಉಳಿಯುತ್ತದೆ. ಬೀಜ ಕೊಟ್ಟರೆ ಎರಡನೆಯ ವರ್ಷಕ್ಕೆ ಅದು ಅವರದೇ ಆಗಿಬಿಡುತ್ತದೆ.

2009ರಲ್ಲಿ ಅವ್ವ ತೀರಿಕೊಂಡಳು. ಕೆಲವು ವರ್ಷ ನಾನೇ ಬೀಜ ಮಾಡಿದೆ. ಆಮೇಲೆ ಉದಾಸೀನ, ಹಳೆಯ ಗಿಡಗಳನ್ನೇ ಸವರಿ ಚಿಗುರಿಸಿಕೊಂಡು ದಿನ ದೂಡಿದೆ. 2019ರ ಆಗಸ್ಟ್ ತಿಂಗಳ ಮಳೆ ನಿಮಗೆಲ್ಲ ನೆನಪಿದೆ. ವರದೆ, ತುಂಗಭದ್ರೆಯರು ಜಿಲ್ಲೆಯಲ್ಲಿ ಮಾಡಿದ ಹಾನಿಯ ಮುಂದೆ ನನ್ನ ಹಿತ್ತಲಿನ ಕಥೆ ಹೇಳುವುದೇ ನಾಚಿಕೆಗೇಡು; ಎಷ್ಟೋ ಜನರ ಮನೆಗಳೇ ಬಿದ್ದವು. ಆದರೂ ಹೇಳುತ್ತೇನೆ. ನಿಂತ ನೀರಿಗೆ ಬೇರು ಕೊಳೆತು ಗಿಡಗಳೆಲ್ಲ ಒಂದೇ ವಾರದಲ್ಲಿ ಜೋತುಬಿದ್ದವು. ಅಟ್ಟದ ಡಬ್ಬಿಯಲ್ಲಿ 2012ನೆಯ ಇಸವಿ ಬರೆದ ಪೊಟ್ಟಣವೊಂದು ಸಿಕ್ಕಿತು. ಬದನೆಯ ಬೀಜಕ್ಕೆ ನಾಲ್ಕೈದು ವರ್ಷಗಳಾಚೆ ಜೀವ ಉಳಿಯುವುದು ಕಷ್ಟವೆಂದು ಗೊತ್ತಿದ್ದೂ ಬಿತ್ತಿದೆ. ದಿನಾಲು ಬೆಳಿಗ್ಗೆ ಎದ್ದು ನೋಡಿದೆ. ಒಂದೂ ಕಣ್ಣು ತೆರೆಯಲಿಲ್ಲ. ಪಕ್ಕದ ಅಕ್ಕನವರ ಬಳಿ ಹೋಗಿ ಕೇಳೋಣವೆಂದರೆ, ಕೇಳಲು ನನಗೆ ಯಾವ ಮುಖವಿತ್ತು? ಅವರಿಗೆ ನಾನು ಕೊಟ್ಟದ್ದೆಲ್ಲ ಅವರು ಬೇಯಿಸಿ ತಿಂದು ಮುಗಿಸಿದ್ದರು.

ಎರಡು ವರ್ಷ ವಾರದ ಸಂತೆಗಳಲ್ಲಿ ಹುಡುಕಿದೆ. ಶಿಗ್ಗಾಂವಿ, ಸವಣೂರು, ಹಾನಗಲ್ಲುಗಳಲ್ಲಿ ಮುಳಗಾಯಿಯ ರಾಶಿಗಳ ಮುಂದೆ ಕುಳಿತು ಒಂದೊಂದನ್ನೇ ಎತ್ತಿ ನೋಡುತ್ತಿದ್ದ ಮುದುಕನನ್ನು ಕಂಡು ಮಾರುವ ಹೆಣ್ಣುಮಕ್ಕಳು ನಕ್ಕದ್ದುಂಟು. ಕೊನೆಗೆ 2021ರಲ್ಲಿ ಅದು ತಾನಾಗಿಯೇ ಮನೆಗೆ ಬಂದಿತು. ಶಿಗ್ಗಾಂವಿ ಕಡೆಯ ಹಳ್ಳಿಗೆ ಮದುವೆಯಾಗಿ ಹೋದ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗನ ಮದುವೆಗೆ ಕರೆಯಲು ಬಂದವಳು ಕುಂಕುಮದ ಜೊತೆ ಒಂದು ಚೀಲ ಕಾಯಿ ಇಟ್ಟಳು. ನಾನು ನೋಡುತ್ತಲೇ ಕುಳಿತೆ.

“ನಿಮ್ಮ ಅವ್ವಾರು ಕೊಟ್ಟ ಬೀಜಾರಿ ಸರ್. ನನ್ನ ಲಗ್ನದಾಗ ಉಡಿಯಾಗ ಹಾಕಿದ್ರು. ನಿಮಗ ಹೇಳಬ್ಯಾಡ ಅಂದಿದ್ರು” ಎಂದು ತಲೆ ತಗ್ಗಿಸಿ ನಕ್ಕಳು.

ಅವ್ವ ನನಗೆ ಹೇಳದೆ ಇನ್ನೆಷ್ಟು ಉಡಿಗಳಲ್ಲಿ ಹಾಕಿದ್ದಳೋ! ಸತ್ಯ ಹೇಳಬೇಕೆಂದರೆ, ಆ ಕ್ಷಣ ಸಂತೋಷಕ್ಕಿಂತ ಮೊದಲು ಬಂದದ್ದು ಸಣ್ಣ ಸಿಟ್ಟು.

ತಂದು ಬಿತ್ತಿದ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಹತ್ತು ಗಿಡಗಳಲ್ಲಿ ಮೂರು ನೇರಳೆ ಕಾಯಿ ಬಿಟ್ಟವು. ಬದನೆಯ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿಕಟ್ಟಿದರೂ, ದುಂಬಿಗಳು ಪಕ್ಕದ ತಳಿಯ ಪರಾಗವನ್ನು ತರುವುದುಂಟು. ಅವಳ ಹೊಲದಲ್ಲಿ ನೇರಳೆ ಮುಳಗಾಯಿಯೂ ಇದ್ದಿತಂತೆ. ಹಸಿರು ಕಾಯಿಯ ಗಿಡಗಳಿಂದಷ್ಟೇ ಬೀಜ ಆರಿಸುತ್ತ ಬಂದಿದ್ದೇನೆ; ಈಗ ನೇರಳೆ ಅಪರೂಪಕ್ಕೊಮ್ಮೆ ಮಾತ್ರ ಕಾಣುತ್ತದೆ. ರುಚಿ ಅವ್ವನ ಕಾಲದ್ದೇ ಎಂದು ನಾನೆನ್ನುತ್ತೇನೆ. ನನ್ನ ಹೆಂಡತಿ ಒಪ್ಪುವುದಿಲ್ಲ.

ಬೆಂಗಳೂರಿನ ಶಿಷ್ಯನಿಗೆ ಇದನ್ನೆಲ್ಲ ಹೇಳಿದಾಗ, “ಅಂಗಡ್ಯಾಗ ಇಪ್ಪತ್ತು ರೂಪಾಯಿಗೆ ಬೀಜ ಸಿಗ್ತಾವ, ಸರ್. ಯಾಕಿಷ್ಟು ತ್ರಾಸು?” ಎಂದ. ನ್ಯಾಯವಾದ ಪ್ರಶ್ನೆ. ಅಂಗಡಿಯ ಬೀಜವನ್ನು ಹಳಿಯುವವನು ನಾನಲ್ಲ. ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಹತ್ತಿಯನ್ನು ತರಗತಿಯಲ್ಲಿ ಎದೆಯುಬ್ಬಿಸಿ ಪಾಠ ಮಾಡಿದವನು. ನಮ್ಮ ಜಿಲ್ಲೆಯ ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜೋತ್ಪಾದನೆಯಿಂದ ಎಷ್ಟೋ ಕುಟುಂಬಗಳು ಅನ್ನ ಉಂಡಿವೆ. ಅದರ ಇನ್ನೊಂದು ಮಗ್ಗುಲೂ ನನಗೆ ಗೊತ್ತು: “ಕ್ರಾಸಿಂಗ್” ಹಂಗಾಮಿನಲ್ಲಿ ಹೂವಿಗೆ ಹೂವು ಮುಟ್ಟಿಸಲು ಹೋದ ಹೆಣ್ಣುಮಕ್ಕಳ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಸಾಲುಸಾಲು ಗೈರು ಬರೆದದ್ದು ಇದೇ ಕೈ. ಎರಡು ತಳಿಗಳ ಸಂಕರದಿಂದ ಬಂದ ಮೊದಲ ಪೀಳಿಗೆಯ ಬೀಜ ಒಂದೇ ಸಮನಾಗಿ, ಜೋರಾಗಿ ಬೆಳೆಯುತ್ತದೆ. ಅದರ ಕಾಯಿಯಿಂದ ಬೀಜ ತೆಗೆದು ಬಿತ್ತಿದರೆ ಎರಡನೆಯ ಪೀಳಿಗೆಯಲ್ಲಿ ಗುಣಗಳು ಚದರಿಹೋಗುತ್ತವೆ. ನಿಮಗೆ ಕರಿಹಲಗೆಯ ಮೇಲೆ ಬಟಾಣಿಯ ಚಿತ್ರ ಬರೆದು ಕಲಿಸಿದ ಮೆಂಡೆಲನ ನಿಯಮವೇ ಇದು. ಮಾರುಕಟ್ಟೆಗೆ ಬೆಳೆಯುವವನಿಗೆ ಆ ಲೆಕ್ಕ ಸರಿಹೋಗಬಹುದು. ನಾಲ್ಕು ಜನ ಉಣ್ಣುವ ಮನೆಯ ಹಿತ್ತಲಿಗೆ ಪ್ರತಿ ವರ್ಷ ಹೊಸ ಪಾಕೀಟು ಏತಕ್ಕೆ? ಹಾಗೆ ಬೆಳೆದವನ ಬಳಿ ಕಾಯಿಯ ಹೊರತು ಕೊಡುವುದಕ್ಕೆ ಬೇರೇನೂ ಇರುವುದಿಲ್ಲ. ಅವನು ಜಿಪುಣನಲ್ಲದಿದ್ದರೂ ನನ್ನಂತೆ ಬರಿಗೈಯವನೇ.

ಇನ್ನು ಕೆಲವರಿಗೆ ಕಾನೂನಿನ ಅಂಜಿಕೆ. ನಮ್ಮ ದೇಶದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು, ಬೀಜವನ್ನು ಉಳಿಸುವ, ಬಿತ್ತುವ, ಮತ್ತೆ ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವುದಕ್ಕೆ ಮಾತ್ರ ತಡೆ. ಅವ್ವನ ಗಡಿಗೆಯ ಜವಾರಿ ಬೀಜಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಗಿಡಗಳನ್ನು ಕೈಯಿಂದ ಕೈಗೆ ದಾಟಿಸಿದ ಜನರಿಂದಲೇ ನಮ್ಮ ಊಟದ ತಾಟು ತುಂಬಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು. ನಮ್ಮದು ಎಂದು ಬೀಗುತ್ತೇವೆ, ಬೀಗಬೇಕಾದ್ದೇ. ಆದರೆ ಮೆಣಸಿನಕಾಯಿಯ ಕುಲವೇ ಅಮೆರಿಕ ಖಂಡದ್ದು, ಪೋರ್ತುಗೀಜರು ಬಂದ ಮೇಲೆ ಇತ್ತ ಬಂದದ್ದು. ಸವಣೂರಿನ ಮಠದ ಆ ಮೂರು ದೊಡ್ಡಹುಣಸೆ ಮರಗಳನ್ನು ನೋಡಲು ನಿಮ್ಮನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆ. ಹತ್ತು ಹುಡುಗರು ಕೈ ಹಿಡಿದುಕೊಂಡು ಬುಡವನ್ನು ತಬ್ಬಲು ಹೋಗಿ ಸೋತಿರಿ. ಅವುಗಳ ತವರು ಆಫ್ರಿಕ. ಯಾರೋ ಒಬ್ಬ ದಾರಿಹೋಕ ಬೀಜ ಕೊಟ್ಟಿರಬೇಕು, ಯಾರೋ ಒಬ್ಬ ನೆಟ್ಟು ನೀರೆರೆದಿರಬೇಕು. 2023ರ ಜುಲೈನಲ್ಲಿ ಅವುಗಳಲ್ಲಿ ಒಂದು ಉರುಳಿದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಬ್ರಹ್ಮಕಮಲದ ವಿಷಯದಲ್ಲಿ ಮಾತ್ರ ನಮ್ಮ ಜನ ಎಂದೂ ಜಿಪುಣತನ ಮಾಡಿಲ್ಲ. ರಾತ್ರಿ ಅರಳುವ ಹೂವಿಗಾಗಿ ಓಣಿಯವರನ್ನೆಲ್ಲ ಕರೆದು, ಆರತಿ ಬೆಳಗಿ, ಚಹಾ ಕೊಟ್ಟು, ಹೋಗುವಾಗ ಒಂದು ತುಂಡು ಎಲೆ ಮುರಿದು ಕೊಡುತ್ತಾರೆ. (ಅದು ಎಲೆಯಲ್ಲ, ಚಪ್ಪಟೆ ಕಾಂಡ. ಹಿಮಾಲಯದ ನಿಜವಾದ ಬ್ರಹ್ಮಕಮಲವೂ ಅದಲ್ಲ. ಮೆಕ್ಸಿಕೊ ಕಡೆಯಿಂದ ಬಂದ ಕಳ್ಳಿಯ ಜಾತಿ. ಇದನ್ನು ಹೇಳಿ ಎರಡು ಮನೆಗಳಲ್ಲಿ ಚಹಾ ತಪ್ಪಿಸಿಕೊಂಡಿದ್ದೇನೆ.) ಅಂದು ರಾತ್ರಿ ಹೂ ನೋಡಲು ಬಂದವರ ಮನೆಯಲ್ಲಿ ಕೆಲವು ವರ್ಷಗಳಲ್ಲಿ ಅದೇ ಹೂವು. ಅದಕ್ಕೆ ಮಾಡುವುದನ್ನು ಮುಳಗಾಯಿಗೆ, ಚವಳಿಕಾಯಿಗೆ, ಪುಂಡಿಪಲ್ಯಕ್ಕೆ ಏಕೆ ಮಾಡಬಾರದು? ದಿನಾ ತಿನ್ನುವುದಾದ್ದರಿಂದ ಸಸಾರವೇ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಪಾಲಿಸುವಷ್ಟು ನಿಷ್ಠೆಯಿಂದ ಬೇರಾವುದನ್ನೂ ಪಾಲಿಸುವುದಿಲ್ಲ.

ಕಣ್ಣುಮುಚ್ಚಿ ಹಂಚಿ ಎಂದು ಹೇಳುತ್ತಿಲ್ಲ. ಚೆಂದದ ಹೂವೆಂದು ತೋಟಕ್ಕೆ ತಂದ ಲಂಟಾನ ಇಂದು ಕಾಡನ್ನೇ ನುಂಗುತ್ತಿದೆ. ಹೊರದೇಶದಲ್ಲಿರುವ ಮಕ್ಕಳು ಅಪರೂಪದ ಬೀಜಗಳನ್ನು ಸೂಟ್‌ಕೇಸಿನಲ್ಲಿ ಬಚ್ಚಿಟ್ಟು ತರಬೇಡಿ. ರೋಗ ಬಿದ್ದ ಗಿಡದ ಬೀಜವನ್ನು ಯಾರಿಗೂ ಕೊಡಬೇಡಿ.

ನಮ್ಮ ನೆರೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಹೆಣ್ಣುಮಕ್ಕಳ ಸುದ್ದಿಯನ್ನು ನೀವು ಓದಿರಬಹುದು. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘದವರು ಸಿರಿಧಾನ್ಯಗಳ ಬೀಜ ಬ್ಯಾಂಕು ನಡೆಸುತ್ತಾರೆ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂದಿತು. ಇಂಥ ಬೀಜ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಒಂದು ಸೇರು ಒಯ್ದವರು ಬೆಳೆದ ಮೇಲೆ ಹೆಚ್ಚು ಸೇರಿಸಿ ಹಿಂದಿರುಗಿಸಬೇಕು. ಅವ್ವ ಗುಟ್ಟಾಗಿ ಮಾಡಿದ್ದನ್ನು ಇವರು ದಫ್ತರು ಇಟ್ಟುಕೊಂಡು ಮಾಡುತ್ತಿದ್ದಾರೆ ಎಂದು ಓದುವಾಗ ಅನ್ನಿಸಿತು.

ಬೆಂಗಳೂರಿನವನಿಗೆ ಹೋಗುವಾಗ ಒಂದು ಪೊಟ್ಟಣ ಕೊಟ್ಟೆ. ಮರುದಿನ ಪಕ್ಕದ ಮನೆಗೆ ಹೋದೆ. ಅಕ್ಕನವರಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂಜು. ಪೊಟ್ಟಣವನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿ, “ಹಣ್ಣಾತೇನ್ರಿ, ಮಾಸ್ತರ?” ಎಂದರು. ನಗುತ್ತಲೇ ಹೇಳಿದರು. ನಾನು ನಗಲಾರದೆ ಬಂದೆ.

ಈ ವರ್ಷ ಹಸಿರು ಮುಳಗಾಯಿಯ ಹದಿನಾಲ್ಕು ಪೊಟ್ಟಣಗಳು, ಚಪ್ಪರದವರೆಯ ಆರು, ಜವಾರಿ ಹೀರೆಯ ಮೂರು ಕಾಯಿಗಳು ಸಿದ್ಧವಾಗಿವೆ. ಅಂಚೆಯಲ್ಲಿ ಕಳಿಸುವುದಿಲ್ಲ, ಬಂದು ಒಯ್ಯಬೇಕು, ಬರುವಾಗ ನಿಮ್ಮಲ್ಲಿದ್ದ ಬೀಜ ತರಬೇಕು. ಸಸಿ ಮಡಿಗೆ ಮೇಲೊಂದು ಹಳೆಯ ಸೀರೆ ಹೊದಿಸುವುದನ್ನು ಮರೆಯಬೇಡಿ. ಬಂಕಾಪುರದವರಂತೂ ಮರೆಯಲೇಬಾರದು. ನಮ್ಮ ಕೋಟೆಯೊಳಗೆ ನವಿಲುಧಾಮವಾಗಿರುವುದು ಊರಿಗೆ ಹೆಮ್ಮೆಯೇ, ಆದರೆ ಎಳೆಯ ಸಸಿಯ ಮೇಲೆ ನವಿಲಿಗೆ ಇರುವಷ್ಟು ಪ್ರೀತಿ ನನಗೂ ಇಲ್ಲ. ಕಳೆದ ಜೂನಿನಲ್ಲಿ ಒಂದೇ ಮುಂಜಾನೆ ನನ್ನ ಇಡೀ ಮಡಿ ಬೋಳಾಯಿತು, ಗೋಡೆಯ ಮೇಲೆ ಮೂರು ಗರಿ ಮಾತ್ರ ಉಳಿದಿದ್ದವು.