ಮಕ್ಕಳ ಉನ್ನತ ವಿದ್ಯೆಯೂ ಮನೆಯ ಲೆಕ್ಕವೂ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದೊಡನೆ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಒಂದು ಚಿಂತೆಯು ತಲೆದೋರುವುದು. ಮಗುವಿಗೆ ಮುಂದೆ ಓದುವ ಹಂಬಲ. ತಂದೆಗೆ ಹಣದ ಭಯ. ತಾಯಿಯು ಇಬ್ಬರ ನಡುವೆ ಮೌನವಾಗಿರುವಳು. "ಅದು ನಮ್ಮಂಥವರಿಗಲ್ಲ" ಎಂಬ ಒಂದೇ ಮಾತಿನಿಂದ ಮಗುವಿನ ಬಾಳಿನ ದಾರಿಯು ತಿರುಗಿಬಿಡುವುದುಂಟು. ಹೆಣ್ಣುಮಗಳಾದರಂತೂ ಆ ಮಾತು ಇನ್ನೂ ಬೇಗನೆ ಹೊರಡುವುದು. ಈ ತಿಂಗಳು ವಾಚಕ ಮಹಾಶಯರಲ್ಲಿ ನಾವು ಅರಿಕೆ ಮಾಡಿಕೊಳ್ಳತಕ್ಕುದು ಇಷ್ಟೇ: ವಿಚಾರಿಸದೆ ಹೆದರಬಾರದು, ಲೆಕ್ಕ ಹಾಕದೆ ಸಾಲ ಮಾಡಬಾರದು.

ನೆರವನ್ನು ಕೇಳುವುದು ಮಾನಕ್ಕೆ ಕುಂದೆಂದು ಕೆಲವರು ಭಾವಿಸುವರು. ಇದು ಸರಿಯಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡರು; ಬಳಿಕ ಮೈಸೂರು ಸರ್ಕಾರದ ಸಹಾಯದಿಂದಲೇ ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿತರು. ಅವರು ಪಡೆದ ನೆರವನ್ನು ನಾಡು ಎಷ್ಟು ಮಡಿಯಾಗಿ ಮರಳಿ ಪಡೆಯಿತೆಂಬುದನ್ನು ಹೇಳಬೇಕಾದುದಿಲ್ಲ.

ಮೊದಲನೆಯದಾಗಿ ಕಾಗದಪತ್ರಗಳು. ಯೋಗ್ಯತೆಯಿದ್ದೂ ನೆರವು ತಪ್ಪಿಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ಪರೀಕ್ಷೆಗೆ ಮುಂಚೆಯೇ ನಾಡಕಚೇರಿಯಿಂದ ಪಡೆದಿಡಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಸ್ಥಾನಗಳ ಮೀಸಲಾತಿಯುಂಟು. ಇದಕ್ಕೆ ಶಾಲೆಯವರು ಕೊಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುರುಜು ಹಾಕಿದ ವ್ಯಾಸಂಗ ಪತ್ರವು ಬೇಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್, ಬ್ಯಾಂಕಿನ ಪುಸ್ತಕ, ಈ ಮೂರರಲ್ಲಿಯೂ ಮಗುವಿನ ಹೆಸರು ಒಂದೇ ರೀತಿಯಾಗಿರಲಿ. ವಿದ್ಯಾರ್ಥಿವೇತನವು ಆಧಾರ್‌ಗೆ ಜೋಡಿಸಿದ ಖಾತೆಗೇ ಬರುವುದರಿಂದ, ಒಂದು ಅಕ್ಷರದ ವ್ಯತ್ಯಾಸವೂ ಹಣವನ್ನು ತಡೆಯಬಲ್ಲುದು.

ಎರಡನೆಯದು ಸ್ಥಾನದ ಆಯ್ಕೆ. 1994ರಿಂದ ನಡೆದು ಬಂದಿರುವ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ, ಎಂಜಿನಿಯರಿಂಗ್ ವಿಷಯಕ್ಕೆ ಪಿ.ಯು.ಸಿ. ಅಂಕಗಳಿಗೆ ಅರ್ಧ, ಪ್ರವೇಶ ಪರೀಕ್ಷೆಗೆ ಅರ್ಧ ಎಂದು ಎಣಿಸುವರು. ಆದಕಾರಣ ಒಂದನ್ನು ನಂಬಿ ಇನ್ನೊಂದನ್ನು ಕಡೆಗಣಿಸಬಾರದು. ಕಾಲೇಜುಗಳ ಪಟ್ಟಿಯನ್ನು ಕೊಡುವಾಗ ಮನಸ್ಸಿಗೆ ಹೆಚ್ಚು ಒಪ್ಪಿದುದನ್ನೇ ಮೇಲೆ ಬರೆಯಿರಿ. ಮಗುವಿನ ರ‍್ಯಾಂಕಿಗೆ ದೊರೆಯಬಹುದಾದವುಗಳಲ್ಲಿ ಅತ್ಯಂತ ಮೇಲಿರುವುದೇ ದೊರೆಯುವುದರಿಂದ, ದೊಡ್ಡ ಆಸೆಯನ್ನು ಮೊದಲಿಟ್ಟರೆ ನಷ್ಟವೇನೂ ಇಲ್ಲ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಮಾತ್ರ ಪಟ್ಟಿಯಲ್ಲಿ ಸೇರಿಸಬೇಡಿರಿ. ಆಡಳಿತ ಮಂಡಳಿಯ ಸ್ಥಾನಕ್ಕಾಗಿ ಹೊಲವನ್ನೋ ಒಡವೆಯನ್ನೋ ಮಾರುವ ಮುನ್ನ ಒಂದು ಮಾತು: ಅದೇ ಕೊಠಡಿಯಲ್ಲಿ, ಅದೇ ಪಾಠವನ್ನು, ಸರ್ಕಾರಿ ಸ್ಥಾನದ ವಿದ್ಯಾರ್ಥಿಯು ಬಹಳ ಕಡಿಮೆ ಶುಲ್ಕಕ್ಕೆ ಕೇಳುತ್ತಿರುವನು.

ಮೂರನೆಯದು ನೆರವು. ಕುಟುಂಬದ ವಾರ್ಷಿಕ ಆದಾಯವು 8 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡ 5ರಷ್ಟಿರುವ ಹೆಚ್ಚುವರಿ ಸ್ಥಾನಗಳಿಗೆ ಅರ್ಜಿಯಲ್ಲಿಯೇ ಕೋರಿಕೆ ಸಲ್ಲಿಸಬಹುದು. ಅಲ್ಲಿ ಬೋಧನಾ ಶುಲ್ಕವಿಲ್ಲ, ಉಳಿದ ಶುಲ್ಕಗಳುಂಟು. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಲಿಯ ಮೇಲಿನ ಶೇಕಡ 20ರೊಳಗೆ ಬಂದು, ಮನೆಯ ಆದಾಯವು ನಾಲ್ಕೂವರೆ ಲಕ್ಷದೊಳಗಿರುವವರು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಪದವಿಯ ಮೊದಲ ಮೂರು ವರ್ಷಗಳಿಗೆ ವರ್ಷಕ್ಕೆ 12,000 ರೂಪಾಯಿ. ರಾಜ್ಯದ ನೆರವುಗಳನ್ನೂ ವಸತಿನಿಲಯಗಳನ್ನೂ ಬೇರೆಯಾಗಿ ವಿಚಾರಿಸಬೇಕು. ಆದರೆ ಇವು ಶುಲ್ಕ ಕಟ್ಟುವ ದಿನಕ್ಕೆ ಸರಿಯಾಗಿ ಬರುವುದಿಲ್ಲ, ತಿಂಗಳುಗಳ ಮೇಲೆ ಬರುವುವು. ಮೊದಲ ಕಂತಿಗೆ ಬೇರೆ ದಾರಿಯಿರಲಿ.

ಕಡೆಯದು ಸಾಲ. ವಿದ್ಯಾಭ್ಯಾಸದ ಸಾಲವನ್ನು ಓದು ಮುಗಿದ ಮೇಲೆ ಒಂದು ವರ್ಷದವರೆಗೆ ತೀರಿಸಬೇಕಾಗಿಲ್ಲವೆಂದು ಕೇಳಿ ಅನೇಕರು ಸಂತೋಷಪಡುವರು. ಬಡ್ಡಿಯು ಮಾತ್ರ ನಿದ್ರಿಸುವುದಿಲ್ಲ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಪಡೆದಿರೆಂದು, ಬಡ್ಡಿಯು ನೂರಕ್ಕೆ ಹತ್ತೆಂದು ಇಟ್ಟುಕೊಳ್ಳೋಣ. ಕಂತು ಆರಂಭವಾಗುವ ವೇಳೆಗೆ ಸರಳ ಬಡ್ಡಿಯೇ 1,40,000 ರೂಪಾಯಿ ಆಗಿರುವುದು. ಓದುವಾಗಲೇ ಬಡ್ಡಿಯನ್ನಷ್ಟೇ ತೀರಿಸುತ್ತ ಬಂದರೆ ಈ ಹೊರೆಯು ಬೆಳೆಯದು. ಆದಾಯವು ನಾಲ್ಕೂವರೆ ಲಕ್ಷದೊಳಗಿದ್ದು ಮಗುವು ತಾಂತ್ರಿಕ ಅಥವಾ ವೃತ್ತಿ ಶಿಕ್ಷಣಕ್ಕೆ ಸೇರಿದರೆ, ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವು ವಹಿಸುವ ಯೋಜನೆಯುಂಟು. 2024ರ ನವೆಂಬರಿನಲ್ಲಿ ಮಂಜೂರಾದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ವಿದ್ಯಾಸಂಸ್ಥೆಗಳಿಗೆ ಸೇರಿದವರಿಗೆ ಆಸ್ತಿಯ ಅಡಮಾನವಿಲ್ಲದೆ ಸಾಲ ದೊರೆಯುವುದು. ನಮ್ಮ ಮಗುವಿಗೆ ಇವು ಸಲ್ಲುವುವೇ ಎಂದು ಬ್ಯಾಂಕಿನಲ್ಲಿ ಕೇಳಿಯೇ ರುಜು ಹಾಕಬೇಕು.

ಆದುದರಿಂದ ಒಂದು ಸಂಜೆ ಮನೆಯವರೆಲ್ಲ ಕೂಡಿ ಕುಳಿತು, ಶುಲ್ಕ, ಊಟ, ವಸತಿ, ಪುಸ್ತಕ, ಪ್ರಯಾಣಗಳ ನಾಲ್ಕು ವರ್ಷದ ವೆಚ್ಚವನ್ನು ಒಂದು ಕಡೆಯೂ, ದೊರೆಯಬಹುದಾದ ನೆರವನ್ನು ಇನ್ನೊಂದು ಕಡೆಯೂ ಬರೆಯಿರಿ. ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಮನೆಯ ನಿಜಸ್ಥಿತಿಯನ್ನು ತಿಳಿದ ಮಗುವು ಹಟ ಮಾಡದು. ತನಗಾಗಿ ತಂದೆತಾಯಿಗಳು ಎಲ್ಲ ಬಾಗಿಲುಗಳನ್ನೂ ತಟ್ಟಿದರೆಂದು ಬಲ್ಲ ಮಗುವು, ದೊರೆತ ಕಾಲೇಜು ಯಾವುದೇ ಆಗಲಿ, ಅಲ್ಲಿ ಮನಸ್ಸಿಟ್ಟು ಓದುವುದು.